ತಡೆಯಬಾರದ ಪಾಠ

ಪರದೆ ಇಟ್ಟುಕೊಂಡು ಪಾಠ ಮಾಡುವುದು ಹೇಗೆ ಅಂತ ಮೇಷ್ಟ್ರುಗಳಿಗೆ ಕಲಿಸುವುದು ನನ್ನ ಕೆಲಸ. ಆ ಪರದೆಯ ಮೇಲೆ ಬಂದು ಲೆಕ್ಕ ಹೇಳಿಕೊಡುವವಳು ನನ್ನ ಅಕ್ಕ. ಅವಳು ತೀರಿಕೊಂಡು ಮೂರು ವರ್ಷವಾಯಿತು. ವಿಡಿಯೊ ಮಾತ್ರ ಅರವತ್ತು ಶಾಲೆಗಳಲ್ಲಿ ದಿನಾ ಓಡುತ್ತದೆ. ಬೇರೆಯವರು ಸತ್ತವರ ಫೋಟೊ ಗೋಡೆಗೆ ಹಾಕಿ ಸುಮ್ಮನಾಗುತ್ತಾರೆ. ನನಗೆ ಆ ಪುಣ್ಯವಿಲ್ಲ, ಮಲಗಿದರೂ ಅವಳ ದನಿ ಬಿಡುವುದಿಲ್ಲ. "ಅರ್ಥ ಆಯ್ತಾ?" ಅನ್ನುತ್ತಾಳೆ, ಒಂದು ಗಳಿಗೆ ಕಾಯುತ್ತಾಳೆ, "ಭೇಷ್, ಮುಂದಕ್ಕೆ ಹೋಗೋಣ" ಅನ್ನುತ್ತಾಳೆ.

ತರಬೇತಿಗೆ ಬಂದವರಿಗೆಲ್ಲ ನಾನೊಂದು ನಿಯಮ ಹಾಕಿದ್ದೆ: ಓಡುತ್ತಿರುವ ಪಾಠವನ್ನು ನಡುವೆ ನಿಲ್ಲಿಸಕೂಡದು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಮಕ್ಕಳ ಗಮನ ಚೆದುರುತ್ತದೆ ಅಂತ ಕಾರಣ ಬೇರೆ ಕೊಟ್ಟಿದ್ದೆ. ಶುದ್ಧ ಸುಳ್ಳು. ಮಾತಿನ ನಡುವೆ ಅಕ್ಕ ಬಾಯಿ ತೆರೆದು ಹಾಗೇ ಉಳಿಯುವುದನ್ನು ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೇ ಸಾಕಾಗಿತ್ತು.

ಆವತ್ತು ಆ ಅರವತ್ತರಲ್ಲೊಂದು ಶಾಲೆಯಲ್ಲಿ ಲೆಕ್ಕದ ಹೊಸ ಮೇಷ್ಟ್ರ ಪರೀಕ್ಷೆ. ಅವನ ಪಾಠ ನೋಡಿ ನಾನು ಸಹಿ ಹಾಕಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆಗೆ. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಅಕ್ಕ ಬಂದಳು. ಮೂರರಲ್ಲೊಂದು ಪಾಲು ದೊಡ್ಡದು, ನಾಲ್ಕರಲ್ಲೊಂದು ಚಿಕ್ಕದು ಅಂತ ಚಿತ್ರ ಬರೆದು ತೋರಿಸಿದಳು. "ಅರ್ಥ ಆಯ್ತಾ?"

"ಆಯ್ತೂ" ಅಂತ ಮಕ್ಕಳು ರಾಗ ಎಳೆದರು. ಕಿಟಕಿ ಪಕ್ಕದ ಹುಡುಗಿ ಮಾತ್ರ "ಇಲ್ಲ" ಅಂದಳು.

ಅವನು ತಟ್ಟನೆ ವಿಡಿಯೊ ನಿಲ್ಲಿಸಿಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಕೋಪ ಅನ್ನುವುದು ಮೊದಲೇ ನನ್ನ ಮೂಗಿನ ತುದಿಯಲ್ಲಿ. "ಏನ್ರೀ ಅದು? ಕೈಪಿಡಿ ಓದಿದ್ದೀರೋ ಇಲ್ವೋ?"

"ಓದಿದ್ದೀನಿ ಮೇಡಂ." ಅವನು ಹುಡುಗಿಯ ಕಡೆ ಕೈ ತೋರಿಸಿದ. "ಆದ್ರೆ ಇವಳು ಇಲ್ಲ ಅಂದ್ಲಲ್ಲ."

"ಸಹಿ ಹಾಕೋಳು ನಾನು, ನೆನಪಿರ್ಲಿ."

"ಗೊತ್ತು ಮೇಡಂ. ಎರಡು ನಿಮಿಷ ಕೊಡಿ."

ಹುಡುಗಿ ಎದ್ದು ನಿಂತಳು. "ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಸಾರ್? ಮತ್ತೆ ಅದು ಹೇಗೆ ಚಿಕ್ಕದಾಗತ್ತೆ?"

ಅವನು ಅವಳ ಕೈಗೆ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟ. ಒಂದನ್ನು ಮೂರು ಜನಕ್ಕೆ ಹರಿದು ಹಂಚು, ಇನ್ನೊಂದನ್ನು ನಾಲ್ಕು ಜನಕ್ಕೆ ಅಂದ. ಅವಳು ಹರಿದಳು, ಚೂರುಗಳನ್ನು ಅಕ್ಕಪಕ್ಕ ಹಿಡಿದು ನೋಡಿದಳು. "ಓ, ಜನ ಜಾಸ್ತಿ ಆದ್ರೆ ನನ್ ಪಾಲು ಕಮ್ಮಿ!" ಹಿಂದಿನಿಂದ ಇನ್ನೂ ನಾಲ್ಕು ಕೈ ಎದ್ದವು. "ನಮಗೂ ಅರ್ಥ ಆಗಿರ್ಲಿಲ್ಲ ಸಾರ್."

ನಾನು ಪರದೆ ನೋಡಬಾರದು ಅಂದುಕೊಂಡೇ ನೋಡಿದೆ. ಅಕ್ಕನ ಕಣ್ಣು ಮಕ್ಕಳ ಕಡೆ ಇರಲಿಲ್ಲ. ಕ್ಯಾಮೆರಾದಿಂದ ಸ್ವಲ್ಪ ಪಕ್ಕಕ್ಕಿತ್ತು. ವಿಡಿಯೊ ತೆಗೆದ ದಿನ ಆ ಪಕ್ಕದಲ್ಲಿ ನಿಂತಿದ್ದವಳು ನಾನು. "ಅರ್ಥ ಆಯ್ತಾ?" ಅಂತ ಅವಳು ಕೇಳಿದ್ದು ನನ್ನನ್ನು, ಕಾದಿದ್ದು ನನ್ನ ಉತ್ತರಕ್ಕೆ. ಲೆಕ್ಕ ಅಂದರೆ ನನಗೆ ಮೊದಲಿಂದಲೂ ಕಬ್ಬಿಣದ ಕಡಲೆ. ಅವಳಿಗೆ ಆಗಲೇ ನಿಲ್ಲಲು ತ್ರಾಣವಿರಲಿಲ್ಲ. ಬೇಗ ಮುಗಿದರೆ ಮಲಗುತ್ತಾಳಲ್ಲ ಅಂತ ಪ್ರತಿ ಸಲವೂ ಹೂಂ ಅಂತ ತಲೆ ಆಡಿಸಿದ್ದೆ. ಆ ಹೂಂ ನಂಬಿ ಅವಳು ಮುಂದಕ್ಕೆ ಹೋದಳು. ಮೂರು ವರ್ಷ, ಅರವತ್ತು ಶಾಲೆ, ಎಷ್ಟು ಮಕ್ಕಳು ಅರ್ಥವಾಗದೆ ಹಿಂದೆ ಉಳಿದರೋ.

ನಾನು ಸಹಿ ಹಾಕಿದೆ.

"ಮುಂದುವರಿಸ್ಲಾ ಮೇಡಂ?" ಅಂದ ಅವನು.

"ತಡೀರಿ. ಇನ್ನೂ ಯಾರಿಗೆ ಅರ್ಥ ಆಗಿಲ್ವೋ ಕೇಳಿ."

ಇನ್ನು ಐವತ್ತೊಂಬತ್ತು ಶಾಲೆಗೆ ಹೋಗಬೇಕು. ಮಕ್ಕಳು ಇಲ್ಲ ಅಂದಲ್ಲೆಲ್ಲ ಅವಳನ್ನು ನಿಲ್ಲಿಸಿ ಅಂತ ನಾನೇ ಹೇಳಬೇಕು, ಹೇಗೆ ಅಂತ ನಿಲ್ಲಿಸಿ ತೋರಿಸಬೇಕು. ಐವತ್ತೊಂಬತ್ತು ಸಲ ಅಕ್ಕನ ಬಾಯಿ ತೆರೆದೇ ಉಳಿಯುತ್ತದೆ, ನಾನು ನಿಂತು ನೋಡಬೇಕು.