ಕರ್ನಲ್ಲರಿಗೆ ಕೇಳಿದ ಪ್ರಶ್ನೆ

ವಿನಿಫ್ರೆಡ್ ಟ್ವೆಡಲ್ ಉತ್ತರ ಇಂಗ್ಲೆಂಡಿನ ಡರಮ್ ಕಡೆಯ ನರ್ಸು. ಗಣಿ ಕಾರ್ಮಿಕನ ಮಗಳು, ಐವತ್ತು ದಾಟಿದವಳು, ಎದುರಿಗೆ ಯಾರೇ ಬಂದರೂ ‘ಕಂದಾ’ ಎಂದೇ ಮಾತಾಡಿಸುವವಳು. ಯುದ್ಧ ನಡೆಯುತ್ತಿದ್ದ ಊರೊಂದಕ್ಕೆ ಸಣ್ಣ ಸೇವಾಸಂಸ್ಥೆಯೊಂದರ ಪರವಾಗಿ ಹೋಗಿದ್ದಳು. ಆ ಊರು ಬ್ರಿಟನ್ ನಿಷೇಧಿಸಿದ್ದ ಬಂಡುಕೋರರ ಕೈಗೆ ಬಿದ್ದಾಗ ಉಳಿದ ಸಿಬ್ಬಂದಿಯೆಲ್ಲ ಗಡಿ ದಾಟಿದರು. ಏಳಲಾಗದ ರೋಗಿಗಳನ್ನು ಬಿಟ್ಟು ಬರಲಾರೆನೆಂದು ವಿನಿಫ್ರೆಡ್ ಮಾತ್ರ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಉಳಿದಳು. ಬಾಗಿಲಿಗೆ ಬಂದ ಗಾಯಾಳುಗಳಿಗೆಲ್ಲ ಹೊಲಿಗೆ ಹಾಕಿದಳು. ಅವರಲ್ಲಿ ಬಂಡುಕೋರರೂ ಇದ್ದರು. ಚಳಿಗಾಲ ಕಳೆದು ಲಂಡನ್ನಿಗೆ ಮರಳಿದವಳನ್ನು ವಿಮಾನ ನಿಲ್ದಾಣದಲ್ಲೇ ಹಿಡಿದರು. ನಿಷೇಧಿತ ಪಡೆಗೆ ನೆರವಾದಳು ಎಂಬುದು ಆರೋಪ.

ಅವಳ ಪರ ನಿಂತವರು ಮೊರ್ವೆನಾ ಪೆನ್ರೋಸ್. ಅವರ ಕೈಕೆಳಗಿನ ಬ್ಯಾರಿಸ್ಟರ್ ನಾನು. ನಮ್ಮ ಛೇಂಬರಿನ ವಕೀಲರು ಹೆಚ್ಚಾಗಿ ವಾದಿಸುವುದು ಅಂತರರಾಷ್ಟ್ರೀಯ ನ್ಯಾಯಾಲಯವಿರುವ ಹೇಗ್‌ನಲ್ಲಿ, ದೇಶ ದೇಶಗಳ ವ್ಯಾಜ್ಯ. ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಜ್ಯೂರಿಯ ಎದುರು ನಿಲ್ಲುವುದು ನಮಗೆ ಅಪರೂಪ. ಸರ್ಕಾರದ ಪರ ವಾದಿಸುತ್ತಿದ್ದ ಪೆರೆಗ್ರಿನ್ ಹೋಲ್ಟ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಕೋರ್ಟಿನ ಮೊಗಸಾಲೆಯಲ್ಲಿ ವಿಗ್ಗು ಸರಿಮಾಡಿಕೊಳ್ಳುತ್ತಾ ನನ್ನನ್ನು ಕೆಣಕಿದ.

“ಏನಪ್ಪಾ ಲೆನಾಕ್ಸ್, ನಿಮ್ಮ ಮೇಡಂ ಇವತ್ತೂ ಜಿನೀವಾ ಒಪ್ಪಂದದ ಪಾರಾಯಣ ಮಾಡ್ತಾರಾ? ನಿನ್ನೆ ಜ್ಯೂರಿಯಲ್ಲೊಬ್ಬ ಆಕಳಿಸ್ತಿದ್ದ ನೋಡು.”

“ಅವನು ಆಕಳಿಸಿದ್ದು ನೀನು ಎದ್ದು ನಿಂತ ಮೇಲೆ ಕಣಯ್ಯ,” ಎಂದರು ಹಿಂದಿನಿಂದ ಬಂದ ಮೊರ್ವೆನಾ.

ನಾನು ನಕ್ಕೆ, ಆದರೆ ಒಳಗೊಳಗೇ ಹೆದರಿದ್ದೆ. ಅವಳು ಮಾಡಿದ್ದು ಬರೀ ಚಿಕಿತ್ಸೆಯಾದರೆ ಅದು ಅಪರಾಧವಲ್ಲ, ಆ ಪಡೆಗೆ ಬಲ ತುಂಬುವುದೇ ಉದ್ದೇಶವಾಗಿದ್ದರೆ ಅಪರಾಧ, ಯಾವುದೆಂದು ಜ್ಯೂರಿಯೇ ಹೇಳಬೇಕು ಎಂದು ನ್ಯಾಯಾಧೀಶೆ ಮೊದಲೇ ತಿಳಿಸಿದ್ದರು. ಆ ದಿನ ಹೋಲ್ಟ್ ಸಾಕ್ಷಿಯಾಗಿ ಕರೆಸಿದ್ದು ನಿವೃತ್ತ ಸೇನಾ ಸರ್ಜನ್ ಕರ್ನಲ್ ಗಿಲ್‌ಕ್ರಿಸ್ಟ್ ಅವರನ್ನು.

“ಈಕೆ ವಾಸಿಮಾಡಿದವರು ಮತ್ತೆ ಬಂದೂಕು ಹಿಡಿಯಬಹುದಿತ್ತಾ ಕರ್ನಲ್?”

“ಹಿಡೀಬಹುದಿತ್ತು. ಫೋಟೋಗಳನ್ನ ನೋಡಿದೀನಿ, ಅಷ್ಟು ಚೆನ್ನಾಗಿ ಹೊಲಿದಿದಾರೆ.”

ಜ್ಯೂರಿಯವರ ಮುಖಗಳು ಬಿಗಿದುಕೊಂಡವು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚೀಸ್ ಸ್ಯಾಂಡ್‌ವಿಚ್ ಪಕ್ಕಕ್ಕೆ ಸರಿಸಿದೆ. “ಆ ಕರ್ನಲ್ಲರನ್ನ ಕೆದಕೋದು ಬೇಡ ಕಣ್ರೀ ಮೊರ್ವೆನಾ,” ಎಂದೆ. “ಏನು ಹೇಳ್ತಾರೋ ಗೊತ್ತಿಲ್ಲ. ಇನ್ನೊಂದು ಏಟು ಬಿದ್ರೆ ನಾವು ಏಳಲ್ಲ.”

“ಹೊಲಿಗೆ ವಿಷಯ ಹೇಳ್ತಾ ಅವರು ವಿನಿಫ್ರೆಡ್ ಕಡೆ ತಿರುಗಿದ್ರು, ಕಂಡ್ಯಾ? ಅಪರಾಧೀನ ನೋಡೋ ನೋಟ ಅಲ್ಲ ಅದು. ಸುಮ್ನೆ ಟೀ ಕುಡಿ.”

ಊಟದ ನಂತರ ಮೊರ್ವೆನಾ ಕರ್ನಲ್ಲರ ಪಾಟೀಸವಾಲಿಗೆ ಎದ್ದರು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

“ಕರ್ನಲ್, ನೀವು ಶತ್ರು ಸೈನಿಕರಿಗೆ ಆಪರೇಷನ್ ಮಾಡಿದ್ದೀರಾ?”

“ಮಾಡಿದೀನಿ. ಬೇಕಾದಷ್ಟು.”

“ವಾಸಿಯಾದ್ಮೇಲೆ ನಮ್ಮ ಹುಡುಗರ ಮೇಲೇ ಗುಂಡು ಹಾರಿಸ್ಬಹುದು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕೆ ಮಾಡಿದ್ರಿ?”

ಕರ್ನಲ್ ತಡವರಿಸಲಿಲ್ಲ, ಆದರೆ ಆತುರವನ್ನೂ ಪಡಲಿಲ್ಲ. ಜ್ಯೂರಿಯ ಕಡೆ ತಿರುಗಿ ನಿಂತು ಹೇಳಿದರು: “ಗಾಯ ಆಗಿ ಬಿದ್ದವನು ಸೈನಿಕ ಅಲ್ಲ, ರೋಗಿ. ಸೈನ್ಯಕ್ಕೆ ಸೇರಿದ ದಿನ ನನಗೆ ಕಲಿಸಿದ್ದು ಅದು. ಯುದ್ಧದ ಕಾನೂನು ಹೇಳೋದೂ ಅದನ್ನೇ.”

“ಅದಕ್ಕೆ ನಿಮ್ಮನ್ನೂ ಹೀಗೇ ಆರೋಪಿ ಅಂತ ಕಟಕಟೆಯಲ್ಲಿ ನಿಲ್ಲಿಸಿದ್ರಾ?”

“ಇಲ್ಲ ಮೇಡಂ. ಪದಕ ಕೊಟ್ರು.”

ಮೊರ್ವೆನಾ ಕುಳಿತುಬಿಟ್ಟರು. ಹೋಲ್ಟ್ ಧಡಕ್ಕನೆ ಎದ್ದು, ಅದೆಲ್ಲ ಮೇಲಿನವರ ಆಜ್ಞೆಯಂತೆ ಮಾಡಿದ್ದಲ್ಲವೇ ಎಂದು ಕೇಳಿದ. “ಆಜ್ಞೆ ಇಲ್ಲದಿದ್ರೂ ಮಾಡ್ತಿದ್ದೆ,” ಎಂದರು ಕರ್ನಲ್.

ಮರುದಿನ ವಿನಿಫ್ರೆಡ್ ಸರದಿ. ಎಲ್ಲರೂ ಹೋದಾಗ ನೀವೇಕೆ ಹೊರಡಲಿಲ್ಲ ಎಂದು ಹೋಲ್ಟ್ ಪಟ್ಟುಹಿಡಿದು ಕೇಳಿದ.

“ಹೊಟ್ಟೆ ಸೀಳಿದ ಹುಡುಗ ಮೇಜಿನ ಮೇಲಿದ್ದ, ಕಂದಾ. ಅವನನ್ನ ಹಂಗೇ ಬಿಟ್ಟು ಹೆಂಗೆ ಹೋಗ್ಲಿ?”

ಲಂಡನ್ನಿನ ಹೆಸರಾಂತ ವಕೀಲನನ್ನು ಯಾರೂ ಹಿಂದೆಂದೂ ‘ಕಂದಾ’ ಎಂದು ಕರೆದಿರಲಿಲ್ಲ. ನ್ಯಾಯಾಧೀಶೆ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ನಗುವಿಗೆ ಅವರ ಭುಜ ಕುಲುಕುತ್ತಿದ್ದುದು ನನಗೆ ಕಂಡಿತು.

ತೀರ್ಮಾನಕ್ಕೆಂದು ಹೊರಗೆ ಹೋದ ಜ್ಯೂರಿಯವರು ಬೇಗನೆ ಮರಳಿದರು. ಅವರ ಮುಖಂಡೆ, ತಲೆಗೂದಲಿಗೆ ನೀಲಿ ಬಣ್ಣ ಹಾಕಿಕೊಂಡಿದ್ದ ಹುಡುಗಿ, ಎದ್ದು ನಿಂತು “ನಿರಪರಾಧಿ” ಎಂದಳು. ಡರಮ್‌ನಿಂದ ಬಂದು ಗ್ಯಾಲರಿಯಲ್ಲಿ ಕುಳಿತಿದ್ದ ನರ್ಸುಗಳೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಕೋರ್ಟಿನ ಸಿಬ್ಬಂದಿ ಸದ್ದು ಮಾಡಬೇಡಿ ಎಂದರೂ ಕೇಳುವವರಿರಲಿಲ್ಲ. ಕಟಕಟೆಯಿಂದ ಇಳಿದ ವಿನಿಫ್ರೆಡ್ ಮೊರ್ವೆನಾರ ಎರಡೂ ಕೆನ್ನೆ ಹಿಡಿದುಕೊಂಡಳು. ಹೇಗ್‌ನಲ್ಲಿ ದೇಶಗಳನ್ನೇ ಗೆಲ್ಲಿಸಿದ್ದ ಮೊರ್ವೆನಾರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅಂದೇ.

ಹೋಲ್ಟ್ ಕೈಚಾಚಿಕೊಂಡು ಬಂದ. “ಹಾಳಾದವಳೇ, ನನ್ನ ಸಾಕ್ಷೀನೇ ನಿನ್ನ ಸಾಕ್ಷಿ ಮಾಡ್ಕೊಂಡ್ಯಲ್ಲ.”

“ಪ್ರಾಮಾಣಿಕರನ್ನ ಕರೆಸಿದ್ದಕ್ಕೆ ಥ್ಯಾಂಕ್ಸ್ ಕಣಯ್ಯ,” ಎಂದು ಮೊರ್ವೆನಾ ಕೈಕುಲುಕಿದರು.

ಮುಂದಿನ ತಿಂಗಳು ವಿನಿಫ್ರೆಡ್ ತನ್ನೂರಿನ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ನಮಗೆಲ್ಲ ಊಟ ಹಾಕಿಸಿದಳು. ಬಟಾಣಿ ಗೊಜ್ಜು ಬಡಿಸುತ್ತಿರುವಾಗ ಮೊರ್ವೆನಾರಿಗೆ ಫೋನ್ ಬಂತು. ಇಂಥದೇ ಆರೋಪ ಹೊತ್ತಿದ್ದ ಒಬ್ಬ ವೈದ್ಯ ಮತ್ತು ಒಬ್ಬ ಆಂಬ್ಯುಲೆನ್ಸ್ ಚಾಲಕನ ಮೇಲಿನ ಮೊಕದ್ದಮೆಗಳನ್ನು ಸರ್ಕಾರ ಹಿಂತೆಗೆದುಕೊಂಡಿತ್ತು. ಸುದ್ದಿ ಕೇಳಿ ಕ್ಲಬ್ಬಿನ ಹಿತ್ತಾಳೆ ವಾದ್ಯದವರು ತಟ್ಟೆ ಪಕ್ಕಕ್ಕಿಟ್ಟು ತುತ್ತೂರಿ ಎತ್ತಿಕೊಂಡರು. ಆ ಸದ್ದಿನ ನಡುವೆ ವಿನಿಫ್ರೆಡ್ ನನ್ನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದಳು:

“ಅವರಿಬ್ಬರ್ನೂ ಕರೆಸು ಕಂದಾ. ಇಷ್ಟು ಬಿಯರು ನಮ್ಮ ಕೈಲಿ ಮುಗಿಯಲ್ಲ.”