ಒಂದೇ ಷರಾ

ಅರೆಕಾಲಿಕ ಅಧ್ಯಾಪಕರ ತರಬೇತಿ ಎಂದರೆ ನನಗೆ ಮೊದಲಿಂದಲೂ ತಾತ್ಸಾರ. ಮೂರು ಕಾಲೇಜುಗಳ ನಡುವೆ ಹೈವೇಯಲ್ಲೇ ಆಯುಷ್ಯ ಸವೆಸುವ ನಮಗೆ ಪಾಠ ಹೇಳುವುದನ್ನು ಇವರೇನು ಕಲಿಸುತ್ತಾರೆ?

ಈ ಸಲ ನಾವು ತಿದ್ದಿದ ಒಂದು ಪ್ರಬಂಧವನ್ನು, ಹೆಸರು ಅಳಿಸಿ, ಪಕ್ಕದವರಿಗೆ ಓದಲು ಕೊಡಬೇಕಿತ್ತು. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೊದಲು ಕಂಡದ್ದನ್ನೇ ಮುದ್ರಿಸಿ ತಂದಿದ್ದೆ. ಎಲ್ಲ ಪ್ರಬಂಧಗಳಿಗೂ ನನ್ನದು ಒಂದೇ ಷರಾ: ‘ಚೆನ್ನಾಗಿದೆ. ಇನ್ನಷ್ಟು ವಿವರ ಕೊಡಿ.’

ಪಕ್ಕದಲ್ಲಿ ಲೆಕ್ಕಶಾಸ್ತ್ರದ ವರ್ನಾ ಕೂತಿದ್ದಳು. ಓದುತ್ತಾ ಓದುತ್ತಾ ತಟ್ಟನೆ ಓದು ನಿಲ್ಲಿಸಿದಳು.

“ಏನೇ, ವ್ಯಾಕರಣ ಅಷ್ಟು ಕೆಟ್ಟದಾಗಿದ್ಯಾ?” ಎಂದು ನಕ್ಕೆ.

“ಲೊರೇನ್, ಇದನ್ನ ನೀನು ಓದಿದೀಯಾ?”

ಪ್ರಬಂಧದ ನಡುವೆ ಅವಳ ಬೆರಳಿದ್ದ ಕಡೆ ನೋಡಿದೆ. ‘ಪ್ರೊಫೆಸರ್, ಅಮ್ಮ ಮಂಗಳವಾರ ತೀರಿಕೊಂಡಳು. ಎರಡು ವಾರ ಬರಲಾಗುವುದಿಲ್ಲ. ದಯವಿಟ್ಟು ಹಾಜರಿಯಿಂದ ನನ್ನ ಹೆಸರು ತೆಗೆಯಬೇಡಿ.’ ಅದರ ಪಕ್ಕದಲ್ಲೇ ನನ್ನ ಷರಾ.

ಯೆಸೆನಿಯಾ. ಬೆಳಿಗ್ಗೆ ನಾನೇ ಅಳಿಸಿದ್ದ ಹೆಸರು; ಹಿಂದಿನ ಬೆಂಚಿನ ಹುಡುಗಿ. ಗೈರುಹಾಜರಿ ಎಂದು ಸೋಮವಾರ ನಾನೇ ಅವಳ ಹೆಸರು ತೆಗೆದುಹಾಕಿದ್ದೆ.

ತರಬೇತಿ ನಡೆಸುವವರು ನಮ್ಮ ಮೇಜಿಗೆ ಬಂದು, “ನಿಮ್ಗೆ ಏನು ಸಿಕ್ತು?” ಎಂದು ಕೇಳಿದರು. ವರ್ನಾ ಕಾಗದ ಮಗುಚಿಟ್ಟಳು. “ಹೇಳೋ ಅಂಥದ್ದೇನಿಲ್ಲ.” ಅವಳು ನನ್ನ ಮಾನ ಕಾಯುತ್ತಿದ್ದಳು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅಲ್ಲಿಂದ ಎದ್ದು ನೇರ ಡೀನ್ ಕಚೇರಿಗೆ ಹೋದೆ. ವಿದ್ಯಾರ್ಥಿಯನ್ನು ಮರಳಿ ಸೇರಿಸುವ ಅರ್ಜಿಯಲ್ಲಿ ಕಾರಣ ಬರೆಯಬೇಕು. ‘ಕಂಪ್ಯೂಟರ್ ದೋಷ’ ಎಂದು ಬರೆದರೆ ಯಾರೂ ಕೇಳುವವರಿರಲಿಲ್ಲ. ‘ಅಧ್ಯಾಪಕಿ ಪ್ರಬಂಧ ಓದಿರಲಿಲ್ಲ’ ಎಂದು ಬರೆದೆ. ಡೀನ್ ಅದನ್ನು ಎರಡು ಸಲ ಓದಿ, “ಮುಂದಿನ ಅವಧಿಯ ತರಗತಿ ಬಗ್ಗೆ ಆಮೇಲೆ ಮಾತಾಡೋಣ” ಎಂದು ಸಹಿ ಹಾಕಿದರು. ಆ ಮಾತಿನ ಅರ್ಥ ನಮ್ಮಂಥ ಅರೆಕಾಲಿಕರಿಗೆಲ್ಲ ಗೊತ್ತು: ಇನ್ನು ತರಗತಿ ಸಿಗುವುದಿಲ್ಲ. ಆದರೂ ಎದೆಯ ಭಾರ ಸ್ವಲ್ಪ ಇಳಿದಂತಾಯಿತು.

ಕಾರಿನಲ್ಲಿ ಕೂತು ಯೆಸೆನಿಯಾಗೆ ಫೋನ್ ಮಾಡಿದೆ. “ನಿನ್ನ ಹೆಸರು ಹಾಜರೀಲಿ ಇದೆಯಮ್ಮ, ಏನೂ ಚಿಂತೆ ಮಾಡ್ಬೇಡ,” ಎಂದೆ.

“ನೀವು ತೆಗೆಯಲ್ಲ ಅಂತ ಗೊತ್ತಿತ್ತು ಪ್ರೊಫೆಸರ್,” ಎಂದಳು. “ಅಮ್ಮನ ಬಗ್ಗೆ ಇನ್ನಷ್ಟು ಹೇಳು ಅಂದ್ರಲ್ಲ, ಬರೀತಾ ಇದೀನಿ. ಆಗ್ಲೇ ಒಂಬತ್ತು ಪುಟ ಆಯ್ತು. ಬೇರೆ ಯಾರೂ ಕೇಳ್ಲೇ ಇಲ್ಲ, ನೀವೊಬ್ರೇ ಕೇಳಿದ್ದು.”

ಡೀನ್ ಮುಂದೆ ಒಪ್ಪಿಕೊಂಡದ್ದನ್ನು ಅವಳ ಮುಂದೆ ಒಪ್ಪಿಕೊಳ್ಳಲಾಗಲಿಲ್ಲ.

“ನಿಧಾನವಾಗಿ ಬರಿ,” ಎಂದೆ. “ಓದ್ತೀನಿ.”