ಆಲಿಕಲ್ಲಿನ ವಚನ

“ಇಲ್ಲಿ ನೋಡಿ ಮೌಲ್ವಿಗಳೇ. ಇದು ಚಿಕ್ಕ ಮೋಡ. ಪಕ್ಕದ್ದು ಬಂದು ಸೇರ್ಕೊಳ್ತು. ಈಗ ಒಂದರ ಮೇಲೊಂದು ರಾಶಿ ಬೀಳ್ತಿದೆ. ಪವಿತ್ರ ಗ್ರಂಥದ ವಚನದಲ್ಲಿ ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ!”

ಹವಾಮಾನ ಕಚೇರಿಯ ಅಧಿಕಾರಿ ಲ್ಯಾಪ್‌ಟಾಪನ್ನು ಚಾಪೆಯ ಮೇಲೆ ಇನ್ನಷ್ಟು ಮುಂದೆ ತಳ್ಳಿದ. ಮಸೀದಿಗೆ ಅಂಟಿಕೊಂಡ ಮನೆಯ ಮುಂಕೋಣೆಯಲ್ಲಿ ಕುಳಿತಿದ್ದ ಮೌಲ್ವಿಗಳು ಕನ್ನಡಕ ಮೇಲೇರಿಸಿ ನೋಡಿದರು. ಪರದೆಯ ಮೇಲೆ ಮೋಡಗಳು ಮಂದೆಯ ಕುರಿಗಳ ಹಾಗೆ ಸರಿಯುತ್ತಿದ್ದವು. ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದೇ ಅವರಿಗೆ ಸರಿಬರಲಿಲ್ಲ.

ಊರವರು ‘ಮೋಡದ ಸಾಹೇಬ’ ಎಂದು ಕರೆಯುವ ಈ ಮನುಷ್ಯ ಬಂದು ಆರು ವರ್ಷವಾಗಿತ್ತು. ನಮಾಜಿಗೆಂದು ಮಸೀದಿಯ ಮೆಟ್ಟಿಲು ತುಳಿದದ್ದು ಅಪರೂಪ. ಅಂಥವನು ಈ ವಾರದಲ್ಲಿ ಮೂರನೆಯ ಸಲ ಮನೆ ಬಾಗಿಲಿಗೆ ಬಂದು ಕೂತಿದ್ದಾನೆ, ಬಾಯಿ ತೆರೆದರೆ ಗ್ರಂಥ, ಮಾತು ಮಾತಿಗೂ ಸಲಾಮು. ಅತಿವಿನಯಂ ಧೂರ್ತಲಕ್ಷಣಂ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ?

“ಶುಕ್ರವಾರ ಹತ್ತು ನಿಮಿಷ ಕೊಡಿ ಸಾಕು. ಚಿತ್ರ ತೋರಿಸ್ತೀನಿ, ಜನ ಬೆರಗಾಗಿಬಿಡ್ತಾರೆ. ಕೊನೇಲಿ ನೀವು ಆ ವಚನ ಓದಿಬಿಡಿ. ಪೂರ್ತಿ ಓದ್ಬೇಕು.”

“ಪೂರ್ತಿ ಅಂದ್ರೆ?”

“ಆಲಿಕಲ್ಲಿನ ಭಾಗ. ದೇವರು ತನಗೆ ಬೇಕಾದವರ ಮೇಲೆ ಬೀಳಿಸ್ತಾನೆ, ಬೇಕಾದವರಿಗೆ ತಪ್ಪಿಸ್ತಾನೆ ಅನ್ನೋವರೆಗೂ.”

ಓಹೋ, ಎಂದುಕೊಂಡರು ಮೌಲ್ವಿಗಳು. ಹುತ್ತದಿಂದ ತಲೆ ಹೊರಗೆ ಬಂತು.

ಐದು ತಿಂಗಳ ಹಿಂದೆ ಹಾಡುಹಗಲಲ್ಲೇ ಹೊಳೆಯ ಮೇಲೆ ಬಿರುಗಾಳಿ ಎದ್ದು, ಆಲಿಕಲ್ಲು ಸುರಿದು, ಅವರ ತಂಗಿಯ ಗಂಡನ ದೋಣಿ ಮಗುಚಿಕೊಂಡಿತ್ತು. ಅವನು ತಿರುಗಿ ಬರಲಿಲ್ಲ. ಗಾಳಿ ಬರುವ ಸೂಚನೆ ಕಂಡರೆ ಹವಾಮಾನ ಕಚೇರಿಯಿಂದ ದೋಣಿ ಕಟ್ಟುವ ಕಡವಿಗೆ ಫೋನು ಬರಬೇಕು, ಕಡವಿನಲ್ಲಿ ಕೆಂಪು ಬಾವುಟ ಏರಬೇಕು, ಆಮೇಲೆ ಯಾರೂ ದೋಣಿಯ ಹುಟ್ಟು ಮುಟ್ಟುವಂತಿಲ್ಲ. ಅವತ್ತು ಬಾವುಟ ಏರಿರಲಿಲ್ಲ. ಬರುವ ಸೋಮವಾರ ಅದರ ವಿಚಾರಣೆ. ಸಾಕ್ಷಿ ಹೇಳಬೇಕಾದ ದೋಣಿಯವರಲ್ಲಿ ಮುಕ್ಕಾಲು ಪಾಲು ಜನ ಮೌಲ್ವಿಗಳ ಹಿಂದೆಯೇ ನಮಾಜಿಗೆ ನಿಲ್ಲುವವರು. ಎಲ್ಲವೂ ದೇವರ ಇಚ್ಛೆ ಎಂದು ಮಸೀದಿಯಲ್ಲೇ ಹೇಳಿಸಿಬಿಟ್ಟರೆ ಆಮೇಲೆ ಯಾರು ಬಾಯಿ ಬಿಟ್ಟಾರು?

ಎದ್ದು ಹೋಗು ಎನ್ನಲು ಅವರಿಗೆ ನಾಲಿಗೆ ಬರಲಿಲ್ಲ. ತಂಗಿಯನ್ನು ಸಮಾಧಾನಪಡಿಸುವಾಗ ಅವರೂ ಅದೇ ಮಾತು ಹೇಳಿದ್ದರು. ನಂಬಿಯೇ ಹೇಳಿದ್ದರು. ಈಗ ಇವನ ಬಾಯಿಂದ ಕೇಳಿದಾಗ ಅದು ಕದ್ದ ಮಾಲಿನ ಹಾಗೆ ಕಂಡಿತು.

“ಸಾಹೇಬ್ರೇ.”

ಒಳಬಾಗಿಲಲ್ಲಿ ತಂಗಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

“ಅವತ್ತೂ ಹೀಗೇ ಕಾಣ್ತಿತ್ತಾ, ಇದರ ಮೇಲೆ?”

“ಅಮ್ಮಾ, ಅದು ಹೇಗೆ ಅಂದ್ರೆ…”

“ಕಾಣ್ತಿತ್ತಾ?”

ಅಧಿಕಾರಿ ಮೌಲ್ವಿಗಳ ಮುಖ ನೋಡಿದ. ಅವರು ಪರದೆ ನೋಡುತ್ತಿದ್ದರು.

“ಕಾಣ್ತಿತ್ತು,” ಎಂದ. “ಕರಗಿಹೋಗತ್ತೆ ಅಂದ್ಕೊಂಡೆ. ಅದಕ್ಕೆ ಮುಂಚೆ ಎರಡು ಸಲ ಫೋನ್ ಮಾಡಿ ಬಾವುಟ ಏರಿಸ್ದೆ, ಒಂದು ಹನಿ ಬೀಳ್ಲಿಲ್ಲ. ದಿನದ ದುಡಿಮೆ ಹಾಳಾಯ್ತು ಅಂತ ದೋಣಿಯವರೆಲ್ಲ ಬಾಯಿಗೆ ಬಂದಂಗೆ ಬೈದ್ರು.”

“ಬೈದ್ರು. ನಮ್ಮನೆಯವರೂ ಬೈದಿದ್ರು. ನಿಮ್ಮನ್ನ ಬೈಕೊಂಡೇ ದೋಣಿ ಕಟ್ಟಿ ಮನೆಗೆ ಬಂದ್ರು.” ಅವಳು ಹೊಸ್ತಿಲು ದಾಟಿ ಈಚೆ ಬಂದಳು. “ಬಂದ್ರಲ್ಲ.”

ಲ್ಯಾಪ್‌ಟಾಪಿನಲ್ಲಿ ಮೋಡಗಳು ಮತ್ತೆ ಮೊದಲಿನಿಂದ ಸೇರತೊಡಗಿದ್ದವು.

“ಮೋಡ ಕೂಡಿಸೋದು ಮೇಲಿನವನ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ ಅಣ್ಣಾ, ನೀನು ಹೇಳ್ದಾಗ್ಲೇ ಒಪ್ಕೊಂಡೆ. ಫೋನ್ ಮಾಡೋದು ಯಾರ ಕೆಲಸ ಅಂತ ಇವರನ್ನ ಕೇಳು.”

ಅವಳು ಒಳಗೆ ಹೋದಳು. ಮೌಲ್ವಿಗಳಿಗೆ ತಂಗಿಯ ಮೇಲೆ ಹೆಮ್ಮೆಯೂ ತಮ್ಮ ಮೇಲೆ ನಾಚಿಕೆಯೂ ಒಟ್ಟಿಗೆ ಆಯಿತು. ಅವರು ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿದರು.

“ಶುಕ್ರವಾರ ಬನ್ನಿ. ವಚನ ಪೂರ್ತಿ ಓದ್ತೀನಿ, ಒಂದಕ್ಷರ ಬಿಡಲ್ಲ. ಅದಕ್ಕೆ ಮುಂಚೆ, ಈಗ ಇವಳಿಗೆ ಹೇಳಿದ್ದನ್ನ ಎಲ್ಲರ ಮುಂದೆ ಹೇಳಿ.”

ಬರುವುದಿಲ್ಲ ಎಂದೇ ಅವರು ಎಣಿಸಿದ್ದರು. ಶುಕ್ರವಾರ ಅವನು ಲ್ಯಾಪ್‌ಟಾಪ್ ಇಲ್ಲದೆ ಬರಿಗೈಯಲ್ಲಿ ಬಂದ. ಜನರ ಮುಂದೆ ನಿಂತು, ಕಂಡಿದ್ದೆ, ಕರಗುತ್ತದೆಂದು ಸುಮ್ಮನಿದ್ದೆ, ಫೋನು ಮಾಡಲಿಲ್ಲ ಎಂದ. ದನಿ ಎರಡು ಕಡೆ ಒಡೆಯಿತು. ಇದೂ ಸೋಮವಾರದ ವಿಚಾರಣೆಯ ಲೆಕ್ಕಾಚಾರವಿರಬಹುದೇ ಎಂಬ ಹುಳ ಮೌಲ್ವಿಗಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಾತು ಕೊಟ್ಟಂತೆ ವಚನ ಓದಿದರು, ಕೊನೆಯವರೆಗೂ.

ಜನ ನಮಾಜಿಗೆ ಎದ್ದರು. ಮುಂದೆ ನಿಂತಿದ್ದ ಅಧಿಕಾರಿ ಅಲ್ಲೇ ಮೊದಲ ಸಾಲಿಗೆ ಸೇರಿಕೊಂಡ. ಅವನ ಎಡಕ್ಕೊಬ್ಬ ದೋಣಿಯವನು, ಬಲಕ್ಕೊಬ್ಬ. ನಮಾಜಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಬೇಕು. ಎರಡೂ ಕಡೆ ಒಬ್ಬೊಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು.

“ಸಾಲು ಸರಿ ಮಾಡ್ಕೊಳ್ಳಿ,” ಎಂದರು ಮೌಲ್ವಿಗಳು.

ಯಾರೂ ಕದಲಲಿಲ್ಲ. ಅವರು ಜನರತ್ತ ಬೆನ್ನು ತಿರುಗಿಸದೆ, ನಮಾಜು ಶುರು ಮಾಡದೆ, ಆ ಖಾಲಿ ಜಾಗವನ್ನೇ ನೋಡುತ್ತ ನಿಂತರು.